ಹೆಸರಿಡದ ಕೂಸು

ಕೇಕ್ ತಿಂದು ಬಾಯಿ ಒರೆಸಿಕೊಂಡು ಕೆಫೆಯಿಂದ ಅಜ್ಜಿ ಬೋದಿಲ್ ಹೊರಗೆ ಬಂದಾಗ ಗೋಡೆಯ ಪಕ್ಕ ನಿಲ್ಲಿಸಿದ್ದ ತಳ್ಳುಗಾಡಿ ಇರಲಿಲ್ಲ. ಅದರೊಳಗೆ ಮಲಗಿದ್ದ ಮೊಮ್ಮಗನೂ ಇರಲಿಲ್ಲ.

ಮಗುವನ್ನು ಹೊರಗೆ ಬಿಟ್ಟು ಒಳಗೆ ಹೋಗುವುದೇ ಎಂದು ಯಾರಾದರೂ ಹುಬ್ಬೇರಿಸಿದರೆ ಅವರು ಡೆನ್ಮಾರ್ಕಿನವರಲ್ಲ ಅಂತಲೇ ಲೆಕ್ಕ. ಅಲ್ಲಿ ಚಳಿಗಾಲದಲ್ಲೂ ಕೂಸುಗಳು ಬೆಚ್ಚಗೆ ಹೊದ್ದು ಹೊರಗಿನ ಗಾಳಿಯಲ್ಲೇ ನಿದ್ದೆ ಮಾಡುತ್ತವೆ. ಬೋದಿಲ್ ಬೆಳೆದದ್ದೂ ಹಾಗೆ, ಅವಳ ಮಗಳು ಸೀನೆ ಬೆಳೆದದ್ದೂ ಹಾಗೆ. ಆದರೆ ಬಿಯರ್ ಅಗ್ಗವೆಂದು ಗಡಿ ದಾಟಿ ಬಂದ ಬೋದಿಲ್, ಇದು ಜರ್ಮನಿ ಎಂಬುದನ್ನೇ ಮರೆತುಬಿಟ್ಟಿದ್ದಳು. ದಾರಿಯಲ್ಲಿ ಯಾರೂ ತಡೆಯದೆ ಬಿಟ್ಟರೆ ದೇಶ ಬದಲಾಗಿದೆ ಎಂದು ನೆನಪಿರುವುದಾದರೂ ಹೇಗೆ?

ಕೈಕಾಲು ಆಡದೆ ಅವಳು ಫೋನ್ ಮಾಡಿದ್ದು ತನ್ನೂರಿನ ಪೊಲೀಸರಿಗೆ. ಅವರು ಕರೆಯನ್ನು ಗಡಿಯ ಜಂಟಿ ಕಚೇರಿಗೆ ದಾಟಿಸಿದರು. ಎರಡೂ ದೇಶದ ಪೊಲೀಸರು ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡುವ ಕಚೇರಿ ಅದು. ಅಲ್ಲಿದ್ದ ಡೆನ್ಮಾರ್ಕಿನ ಪ್ರೆಬೆನ್ 'ಮಗು ಕಳವಾಗಿದೆ' ಎಂದು ಬರೆದುಕೊಂಡು ಕಳ್ಳನನ್ನು ಹುಡುಕತೊಡಗಿದ. ಎದುರು ಮೇಜಿನ ಜರ್ಮನ್ ಪೊಲೀಸಿನವನು 'ಬಿಟ್ಟುಹೋದ ಮಗು ಸಿಕ್ಕಿದೆ' ಎಂದು ಬರೆದುಕೊಂಡು ತಾಯಿಯನ್ನು ಹುಡುಕುತ್ತಿದ್ದ. ಇಬ್ಬರದೂ ಒಂದೇ ಮಗು ಎಂದು ಹೊಳೆಯಲು ಇಬ್ಬರ ಕಾಫಿಯೂ ಮುಗಿಯಬೇಕಾಯಿತು. ಸಹಕಾರವೆಂದರೆ ಇದೇ ನೋಡಿ!

"ಬೋದಿಲ್, ಸಿಕ್ಕಿದಾನೆ!" ಎಂದ ಪ್ರೆಬೆನ್. "ಪಕ್ಕದ ಬೀದಿ ಠಾಣೇಲೇ ಇದಾನಂತೆ. ಯಾರೋ ಪಾಪ, ಗತಿಯಿಲ್ಲದ ಮಗು ಅಂದ್ಕೊಂಡು ತಂದು ಕೊಟ್ಟಿದಾರೆ. ಹೋಗಿ, ನಾನು ಫೋನಲ್ಲೇ ಇರ್ತೀನಿ."

ಠಾಣೆಯಲ್ಲಿ ವೀಬ್ಕೆ ಎಂಬ ಪೊಲೀಸಿನವಳ ತೋಳಲ್ಲಿ ಮೊಮ್ಮಗ ಆಕಳಿಸುತ್ತಿದ್ದ. ಬೋದಿಲ್ ಕೈ ಚಾಚಿದಳು. ವೀಬ್ಕೆ ಹಿಂದೆ ಸರಿದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಮೇಜಿನ ಮೇಲಿಟ್ಟ ಫೋನಿನಿಂದ ಪ್ರೆಬೆನ್ ಇಬ್ಬರ ಮಾತನ್ನೂ ದಾಟಿಸುತ್ತಿದ್ದ.

"ಮಗು ಹೆಸರೇನು ಅಂತ ಕೇಳ್ತಿದಾರೆ."

"ಹೆಸರಿಲ್ಲ," ಎಂದಳು ಬೋದಿಲ್.

"ಅಜ್ಜಿ ಅಂತೀರಿ, ಹೆಸರು ಗೊತ್ತಿಲ್ವಾ ಅಂತಾರೆ."

"ನೀನೂ ನಮ್ಮವನೇ ಅಲ್ವೇನಪ್ಪ, ಹೇಳು ಅವಳಿಗೆ! ಭಾನುವಾರ ಚರ್ಚಲ್ಲಿ ಹೆಸರಿಡ್ತಾರೆ. ಅಲ್ಲೀವರೆಗೂ ಅಪ್ಪ ಅಮ್ಮ ಬಾಯಿ ಬಿಡಲ್ಲ. ನಾವೆಲ್ಲ ಪುಟ್ಟ ಅಂತೀವಿ, ಅಷ್ಟೇ."

ಪ್ರೆಬೆನ್ ಹೇಳಿದ. ವೀಬ್ಕೆಯ ಹುಬ್ಬು ಇನ್ನಷ್ಟು ಗಂಟಿಕ್ಕಿತು. ಅವಳ ದೇಶದಲ್ಲಿ ಮಗು ಹುಟ್ಟಿ ಇಷ್ಟು ದಿನವಾದರೂ ಹೆಸರು ಬರೆಸದಿರುವುದುಂಟೇ? ಮಗುವನ್ನು ಬೀದಿಯಲ್ಲಿ ಬಿಟ್ಟವಳು, ಹೆಸರೂ ತಿಳಿಯದವಳು, ಅಜ್ಜಿಯಂತೆ! ಬೋದಿಲ್‌ಗೆ ತಲೆಬುಡ ಅರ್ಥವಾಗಲಿಲ್ಲ. ತಾನು ಮಾಡಿದ ತಪ್ಪಾದರೂ ಯಾವುದು? ಮಗುವನ್ನು ಕೊಡದೇ ಹೋದರೆ ಮಗಳಿಗೆ ಯಾವ ಮುಖ ತೋರಿಸುವುದು?

ಕೊನೆಗೆ ಪ್ರೆಬೆನ್ ಸೀನೆಯನ್ನೂ ಅದೇ ಫೋನಿಗೆ ಸೇರಿಸಿ ನಡೆದದ್ದನ್ನೆಲ್ಲ ಹೇಳಿದ. ಬೋದಿಲ್ ಬೈಗುಳಕ್ಕೆ ಕಾದಳು.

"ಹೊರಗೆ ಮಲಗಿಸಿದ್ಯಾ ಅಮ್ಮಾ? ಚೆನ್ನಾಗಿ ನಿದ್ದೆ ಮಾಡಿದ್ನಾ?" ಎಂದಳು ಸೀನೆ.

"ಮಾಡಿದ ಕಣೇ. ಆದ್ರೆ ಇವರು ಕೊಡ್ತಿಲ್ಲ!"

"ನೀವು ತಾಯಿ ಅನ್ನೋದು, ಇವರು ಅಜ್ಜಿ ಅನ್ನೋದು ನಮ್ಮ ದಾಖಲೇಲಿ ಸಿಕ್ತು," ಎಂದ ಪ್ರೆಬೆನ್. "ಆದ್ರೆ ಹೆಸರು ಬರೀದೆ ಮಗೂನ ಆಚೆ ಕಳಿಸೋ ಹಾಗಿಲ್ವಂತೆ."

"ಹೇಳಲ್ಲ," ಎಂದಳು ಸೀನೆ. "ಅಮ್ಮ ಅಲ್ಲೇ ಇದಾಳೆ. ಮುಚ್ಚಿಟ್ಟಿರೋದೇ ಅವಳು ಚರ್ಚಲ್ಲೇ ಮೊದಲು ಕೇಳ್ಲಿ ಅಂತ."

ಬೋದಿಲ್ ಎದ್ದಳು. "ನಾನು ಆಚೆ ಹೋಗ್ತೀನಿ. ಹೇಳಿಬಿಡು ಮಾರಾಯ್ತಿ."

ಮಗು ಬೇಕೆಂದು ಹಠ ಹಿಡಿದಿದ್ದವಳು ಅದನ್ನು ಅಲ್ಲೇ ಬಿಟ್ಟು ಎದ್ದುಹೋದದ್ದನ್ನು ಕಂಡು ವೀಬ್ಕೆ ಕಕ್ಕಾಬಿಕ್ಕಿಯಾದಳು. ಬಾಗಿಲಾಚೆ ಬೋದಿಲ್ ಎರಡೂ ಕಿವಿ ಮುಚ್ಚಿಕೊಂಡು ನಿಂತಳು. ಇಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು. ಜೊತೆಗೆ ನಗುವೂ ಬಂತು.

ಬಾಗಿಲು ತೆರೆಯಿತು. ವೀಬ್ಕೆಯ ಹುಬ್ಬಿನ ಗಂಟು ಸಡಿಲವಾಗಿತ್ತು. ಅವಳು ಕೂಸಿನ ಕಿವಿಯ ಹತ್ತಿರ ಬಾಗಿ, ಬೋದಿಲ್‌ಗೆ ಕೇಳಿಸದಂತೆ ಹೆಸರು ಹಿಡಿದು ಕರೆದಳು. ಕೂಸು ಅವಳತ್ತ ನೋಡಿ ನಕ್ಕಿತು. ಆಮೇಲೆ ಅವನನ್ನು ಬೋದಿಲ್‌ಳ ತೋಳಿಗೆ ಕೊಟ್ಟಳು.

ಬೋದಿಲ್ ಅವನನ್ನು ಅವಚಿಕೊಂಡಳು. ಆದರೂ ಅವಳ ಹೊಟ್ಟೆ ಉರಿಯಿತು. ಹುಟ್ಟಿದಾಗಿನಿಂದ ಎತ್ತಿ ಆಡಿಸಿದ್ದು ತಾನು. ಅವನ ಹೆಸರು ಈಗ ಎರಡು ದೇಶದ ಪೊಲೀಸರಿಗೂ ಗೊತ್ತು, ತನಗೊಬ್ಬಳಿಗೆ ಗೊತ್ತಿಲ್ಲ.

"ಹೆಸರು ಚೆನ್ನಾಗಾದ್ರೂ ಇದೆಯೇನಪ್ಪ?" ಎಂದು ಫೋನಿನತ್ತ ಬಾಗಿ ಕೇಳಿಯೇಬಿಟ್ಟಳು.

ಮಾತು ತಿಳಿಯದ ವೀಬ್ಕೆಯೇ ಬೋದಿಲ್‌ಳ ಮುಖ ನೋಡಿ, ತುಟಿಯ ಮೇಲೆ ಬೆರಳಿಟ್ಟು, ಚೆನ್ನಾಗಿದೆ ಎಂಬಂತೆ ತಲೆಯಾಡಿಸಿದಳು.