ಒಂದು ಪಾಠ ಮುಂದೆ

"ಎತ್ತು, ಆ ತುದಿ ಎತ್ತು," ಎನ್ನುತ್ತ ಇಸ್ತ್ರಿ ಅಕ್ಕ ಸತ್ತವಳ ಮೇಲೆ ಹೊದಿಸಿದ್ದ ಬಿಳಿ ಚಾದರವನ್ನು ಎಳೆದುಕೊಂಡಳು. "ಈ ಸುಕ್ಕು ನೋಡಿದ್ರೆ ನಿಮ್ಮಮ್ಮ ಎದ್ದು ಕೂತ್ಕೋತಾಳೆ ಕಣೆ. ಇಪ್ಪತ್ತೊಂಬತ್ತು ವರ್ಷ ಆಸ್ಪತ್ರೆ ಲಾಂಡ್ರೀಲಿ ದುಡಿದವಳನ್ನ ಇಂಥ ಚಾದರ ಹೊದಿಸಿ ಕಳಿಸ್ತಾರಾ?"

ಮಗಳು ಇನ್ನೊಂದು ತುದಿ ಹಿಡಿದಳು. ಊಟದ ಮೇಜಿನ ಮೇಲೆ ಹಳೆಯ ಕಂಬಳಿ ಹಾಸಿ, ನೀರು ಚಿಮುಕಿಸಿ, ಅಕ್ಕ ಇಸ್ತ್ರಿ ಒತ್ತತೊಡಗಿದಳು. ಅಮ್ಮನ ಜೊತೆ ಅದೇ ಲಾಂಡ್ರಿಯಲ್ಲಿ ಕೆಲಸ ಮಾಡಿದವಳು ಅವಳು. ನಿವೃತ್ತಿಯಾಗಿ ಎಷ್ಟೋ ವರ್ಷವಾಗಿದ್ದರೂ ಮೊಣಕೈಯ ಬಿಗಿ ಸಡಿಲಾಗಿರಲಿಲ್ಲ. ಬಂದವರು ಗೋಡೆಗೆ ಒರಗಿ ಅದನ್ನೇ ನೋಡುತ್ತಿದ್ದರು. ಗಾಡಿ ಹನ್ನೊಂದಕ್ಕೆ ಬರುವುದಿತ್ತು.

"ಲೆಕ್ಕದಲ್ಲಿ ಮಹಾ ಜಾಣೆ," ಎಂದ ಪಕ್ಕದ ಮನೆಯ ದರ್ಜಿ. "ಮಗಳನ್ನ ಒಂದು ದಿನ ಟ್ಯೂಷನ್‌ಗೆ ಕಳಿಸ್ಲಿಲ್ಲ. ಎಲ್ಲಾ ತಾನೇ ಹೇಳ್ಕೊಟ್ಟಳು. ಆ ಕಾಲೇಜಲ್ಲಿ ಸೀಟು ಅಂದ್ರೆ ಸುಮ್ನೇನಾ?"

"ಸುಮ್ನೆ ಅಲ್ಲ," ಎಂದಳು ಅಕ್ಕ, ತಲೆ ಎತ್ತದೆ.

ಮಗಳು ಚಾದರದ ತುದಿಯನ್ನು ಬಿಗಿಯಾಗಿ ಎಳೆದು ಹಿಡಿದಳು. ಬೆಳಗಿನಿಂದ ಇದೇ ಮಾತು ಕೇಳುತ್ತಿದ್ದಳು.

*

ಅವಳು ಹೈಸ್ಕೂಲಿಗೆ ಸೇರಿದ ವರ್ಷ ತರಗತಿಯ ಮೇಷ್ಟ್ರು ಅಮ್ಮನನ್ನು ಕರೆಸಿ, ಈ ಹುಡುಗಿಗೆ ತಲೆಯಿದೆ, ಈಗಿನಿಂದಲೇ ತಯಾರಿ ಮಾಡಿಸಿದರೆ ದೊಡ್ಡ ಕಾಲೇಜಿನ ಪ್ರವೇಶ ಪರೀಕ್ಷೆ ದಾಟಿಯಾಳು ಎಂದಿದ್ದರು. ಐದು ಸಾವಿರ ಮಂದಿ ಬರೆದರೆ ನೂರು ಮಂದಿಗೆ ಸೀಟು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅಂದಿನಿಂದ ಐದು ವರ್ಷ, ದಿನಾ ಸಂಜೆ ಏಳಕ್ಕೆ ಅಮ್ಮ ಊಟದ ಮೇಜು ಒರೆಸಿ ಪುಸ್ತಕ ತೆರೆಯುತ್ತಿದ್ದಳು. ಸಾಬೂನು ಪುಡಿಗೆ ಬಿರಿದ ಬೆರಳನ್ನು ಸಾಲಿನ ಕೆಳಗೆ ಓಡಿಸುತ್ತ, ನಿಧಾನವಾಗಿ, ಒಂದೂ ತಪ್ಪಿಲ್ಲದೆ ಹೇಳಿಕೊಡುತ್ತಿದ್ದಳು.

ಒಂದು ಭಾನುವಾರ ಮಗಳು ಹಾಳೆ ಮಗುಚಿ ಮುಂದೆ ಹೋದಳು.

"ಅಮ್ಮಾ, ಇದು ಹೇಗೆ?"

"ಯಾವ ಪುಟ ಅದು?"

"ನೂರಾ ನಲವತ್ತು."

"ನಾವಿರೋದು ನೂರಾ ಹದಿನೆಂಟರಲ್ಲಿ. ಹಾರಬೇಡ."

"ಸುಮ್ನೆ ಒಂದ್ಸಲ ಹೇಳಮ್ಮ."

"ಹಾರಬೇಡ ಅಂದ್ನಲ್ಲ!" ಅಮ್ಮ ಪುಸ್ತಕವನ್ನು ಫಟ್ಟನೆ ಮುಚ್ಚಿ ಎದ್ದುಹೋಗಿದ್ದಳು. ಮಾರನೆಯ ಸಂಜೆ ಯಾರೂ ಕೇಳದಿದ್ದರೂ ನೂರಾ ನಲವತ್ತನೇ ಪುಟ ತೆರೆದು, ಎಳೆಎಳೆಯಾಗಿ ಬಿಡಿಸಿ ಹೇಳಿದಳು. ಅಮ್ಮನ ಮನಸ್ಸು ಯಾವಾಗ ಹೇಗಿರುತ್ತದೋ ಎಂದು ಮಗಳು ಅಂದುಕೊಂಡಳು.

ಸೀಟು ಸಿಕ್ಕಿತು. ಮಗಳು ಹಾಸ್ಟೆಲಿಗೆ ಹೋದಳು. ವಾರಕ್ಕೊಮ್ಮೆ ಫೋನು: ಊಟ ಆಯ್ತಾ, ನಿದ್ದೆ ಬರುತ್ತಾ, ಹೊದಿಕೆ ಸಾಕಾ. ಒಂದು ಸಲ ಮಗಳು ಅಂದು ಕಲಿತದ್ದನ್ನು ಹೇಳಲೇಬೇಕೆಂದು ಓಡಿಬಂದು ರಿಸೀವರ್ ಹಿಡಿದಿದ್ದಳು. "ಅಮ್ಮಾ, ಇವತ್ತು ಒಂದು ಪ್ರಮೇಯ ಮಾಡಿದ್ರು, ಎಷ್ಟು ಚೆನ್ನಾಗಿದೆ ಅಂದ್ರೆ..." "ಸರಿ ಸರಿ, ಯಾರೋ ಬಾಗಿಲು ಬಡೀತಿದಾರೆ, ಇಡ್ತೀನಿ," ಎಂದಳು ಅಮ್ಮ. ಸೀಟು ಸಿಗುವವರೆಗೆ ಮಾತ್ರ ತಾನು ಅಮ್ಮನಿಗೆ ಬೇಕಿದ್ದೆ ಎಂದು ಮಗಳಿಗೆ ಅನ್ನಿಸಿತು. ಆಮೇಲೆ ಅವಳೂ ಪಾಠದ ಮಾತು ಎತ್ತಲಿಲ್ಲ. ಆದರೆ ಇಪ್ಪತ್ತೇಳು ವರ್ಷ, ಯಾವ ಊರಿನಲ್ಲಿದ್ದರೂ, ಸಂಜೆ ಏಳಾಯಿತೆಂದರೆ ಎದುರಿಗೆ ಯಾರೋ ಕೂತಿರಬೇಕಿತ್ತು ಎನ್ನಿಸುತ್ತಿತ್ತು.

*

ಕೋಲೂರಿಕೊಂಡು ಒಬ್ಬ ಎತ್ತರದ ಮುದುಕರು ಒಳಗೆ ಬಂದರು. ಅಕ್ಕ ಇಸ್ತ್ರಿಯನ್ನು ನಿಲ್ಲಿಸಿಟ್ಟು ಕುರ್ಚಿ ಎಳೆದುಕೊಟ್ಟಳು.

"ಇವರೇ ಕಣೆ ಎಕ್ಸ್-ರೇ ಮೇಷ್ಟ್ರು."

"ಮೇಷ್ಟ್ರಲ್ಲಮ್ಮ," ಎಂದರು ಅವರು. "ಆಸ್ಪತ್ರೇಲಿ ಎಕ್ಸ್-ರೇ ತೆಗೀತಿದ್ದೆ. ಇದು ಲಾಂಡ್ರಿಯವರು ಇಟ್ಟ ಹೆಸರು. ನಿಮ್ಮಮ್ಮನ ದೆಸೆಯಿಂದ."

ಮಗಳಿಗೆ ಅರ್ಥವಾಗಲಿಲ್ಲ. ಮುದುಕರು ಅಕ್ಕನ ಮುಖ ನೋಡಿದರು. ಅಕ್ಕ ಹೇಳಿ ಎಂಬಂತೆ ತಲೆ ಆಡಿಸಿದಳು.

"ನಿಮ್ಮಮ್ಮ ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟೋರು. ಗೊತ್ತಿತ್ತಾ?"

ಗೊತ್ತಿರಲಿಲ್ಲ. ಅಮ್ಮ ಕಾಲೇಜಿಗೆ ಹೋಗುತ್ತಿದ್ದಾಗಲೇ ಮದುವೆ ಮಾಡಿದ್ದರು ಎಂದು ಮಗಳು ತಾನಾಗಿಯೇ ಅಂದುಕೊಂಡಿದ್ದಳು. ಹಾಗೆಂದು ಯಾರೂ ಹೇಳಿರಲಿಲ್ಲ.

"ಮಧ್ಯಾಹ್ನ ಒಂದರಿಂದ ಒಂದೂವರೆ. ಎಕ್ಸ್-ರೇ ರೂಮಿನ ಹೊರಗೆ ರೋಗಿಗಳು ಕೂರೋ ಬೆಂಚು. ಸಂಜೆ ನಿನಗೆ ಹೇಳ್ಬೇಕಾದ್ದನ್ನ ಅಲ್ಲಿ ನನ್ನ ಹತ್ರ ಕಲಿಯೋರು. ಹಳೇ ಎಕ್ಸ್-ರೇ ಕವರಿನ ಹಿಂದೆ ಲೆಕ್ಕ ಮಾಡೋರು. ನಾನು ಉಣ್ತಿದ್ದೆ, ಅವರು ಬರೀತಿದ್ರು."

"ಅಮ್ಮ ಯಾವಾಗ ಉಣ್ತಿದ್ಳು?"

"ಬಾಯ್ಲರ್ ಪಕ್ಕ ನಿಂತ್ಕೊಂಡು ಎರಡು ತುತ್ತು," ಎಂದಳು ಅಕ್ಕ. "ಆಮೇಲೆ ಸಂಜೆವರೆಗೂ ಅದೇ ಬಾಯಿಪಾಠ. ಒದ್ದೆ ಬಟ್ಟೆ ರಾಶಿ ಮುಂದೆ ನಿಂತು ಸೈನು, ಕಾಸು, ಸೈನು, ಕಾಸು. ಹೊಸದಾಗಿ ಬಂದವಳೊಬ್ಬಳು ಹೆದರಿ, ಈಕೆಗೆ ಏನೋ ಮೆಟ್ಕೊಂಡಿದೆ ಅಂತ ಸೂಪರ್‌ವೈಸರ್ ಹತ್ರ ಓಡಿದ್ಳು."

ದರ್ಜಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅತ್ತ ಮಲಗಿದ್ದವಳ ಕಡೆ ನೋಡಿ ಬಾಯಿ ಒರೆಸಿಕೊಂಡ.

"ಭಾನುವಾರ?" ಎಂದು ಮಗಳು ಕೇಳಿದಳು.

"ಭಾನುವಾರ ನನಗೆ ರಜೆ," ಎಂದರು ಮುದುಕರು. "ಯಾಕಮ್ಮ?"

"ಏನಿಲ್ಲ."

ಅವಳು ಕಂಬಳಿಯ ಅಂಚನ್ನು ಬೆರಳಿನಿಂದ ಮತ್ತೆ ಮತ್ತೆ ನೇರ ಮಾಡಿದಳು.

"ನೀನು ಕಾಲೇಜಿಗೆ ಹೋದ ಮೇಲೂ ಬಂದ್ರಮ್ಮ," ಮುದುಕರು ದನಿ ತಗ್ಗಿಸಿದರು. "ಎಲ್ಲಿಂದಲೋ ಮೊದಲ ವರ್ಷದ ಪುಸ್ತಕ ತಂದಿದ್ರು. ಎರಡು ತಿಂಗಳು ಗುದ್ದಾಡಿದ್ವಿ. ಕೊನೆಗೆ ನಾನೇ ಹೇಳ್ದೆ, ನನ್ನ ಕೈಲೂ ಆಗಲ್ಲ, ನನ್ನ ಓದೂ ಇಲ್ಲಿಗೇ ಮುಗೀತು ಅಂತ."

"ಅಮ್ಮ ಏನಂದ್ಳು?"

"ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದ್ರು. ಆಮೇಲೆ, 'ಇನ್ನು ಅವಳನ್ನ ಏನಂತ ಕೇಳ್ಲಿ?' ಅಂದ್ರು. 'ಕೇಳಿದ್ರೆ ಹೇಳ್ತಾಳೆ. ನನಗೆ ತಿಳಿಯಲ್ಲ ಅಂತ ಅವಳಿಗೆ ತಿಳಿದುಬಿಡುತ್ತೆ.'"

ಮೇಜಿನ ಮೇಲಿಂದ ಹಬೆ ಏಳುತ್ತಿತ್ತು.

"ನಾನು ಹೇಳಿಕೊಡ್ತಿದ್ದೆ," ಎಂದಳು ಮಗಳು. ಯಾರಿಗೆ ಹೇಳುತ್ತಿದ್ದಾಳೆಂದು ಅವಳಿಗೇ ತಿಳಿಯಲಿಲ್ಲ. "ಮೊದಲನೇ ಪುಟದಿಂದ ಹೇಳಿಕೊಡ್ತಿದ್ದೆ. ಎಷ್ಟು ಸಲ ಬೇಕಾದ್ರೂ."

"ಬಾಯಿ ಬಿಟ್ರೆ ಬಾಯ್ಲರಿಗೆ ಹಾಕ್ತೀನಿ ಅಂದಿದ್ಳು ಕಣೆ," ಎಂದಳು ಅಕ್ಕ. "ನಾನು ಹೆದರಿಕೊಂಡೇ ಇದ್ದುಬಿಟ್ಟೆ, ಹಾಳಾದವಳು."

ಹೊರಗೆ ಗಾಡಿ ನಿಂತ ಸದ್ದಾಯಿತು. ಇಬ್ಬರೂ ತುದಿಗಳನ್ನು ಹಿಡಿದು, ಒಮ್ಮೆ ಕೊಡವಿ, ಚಾದರವನ್ನು ಅಮ್ಮನ ಮೇಲೆ ಇಳಿಸಿದರು. ಅದು ಇನ್ನೂ ಬೆಚ್ಚಗಿತ್ತು.

*

ಮಗಳನ್ನು ಕಾಲೇಜಿಗೆ ಸೇರಿಸಲು ಬಂದ ದಿನ ಅಮ್ಮ ಕಾಣೆಯಾಗಿದ್ದಳು. ಮಗಳು ಕಚೇರಿಯ ಸಾಲಿನಲ್ಲಿ ನಿಂತು, ಅರ್ಜಿ ಕೊಟ್ಟು ಹೊರಗೆ ಬಂದರೆ ಬೆಂಚಿನ ಮೇಲೆ ಟ್ರಂಕು ಮಾತ್ರ ಇತ್ತು. ಒಂದೊಂದೇ ಕೋಣೆ ಇಣುಕುತ್ತ ಹೋದಳು. ಮೂರನೆಯದರಲ್ಲಿ, ಖಾಲಿ ತರಗತಿಯ ಕೊನೆಯ ಸಾಲಿನಲ್ಲಿ, ಅಮ್ಮ ಚೀಲವನ್ನು ತೊಡೆಯ ಮೇಲಿಟ್ಟು ಕೂತಿದ್ದಳು. ಕಪ್ಪುಹಲಗೆಯ ತುಂಬ ಯಾರದೋ ಪಾಠ ಉಳಿದಿತ್ತು.

"ಅಮ್ಮಾ, ಬಸ್ಸಿಗೆ ಹೊತ್ತಾಯ್ತು."

ಅಮ್ಮ ತಿರುಗಲಿಲ್ಲ. ತಡಿ ಎಂಬಂತೆ ಕೈ ಎತ್ತಿದಳು. ಅವಳ ತುಟಿ ಅಲ್ಲಾಡುತ್ತಿತ್ತು. ಜವಾನ ಬಂದು, ಇವರತ್ತ ನೋಡದೆ, ಮೇಲಿನಿಂದ ಹಲಗೆ ಒರೆಸತೊಡಗಿದ. ಅಮ್ಮ ಮುಂದಕ್ಕೆ ಬಾಗಿದಳು. ಒರೆಸುವ ಬಟ್ಟೆಗಿಂತ ಒಂದು ಸಾಲು ಮುಂದೆ, ಬೇಗ ಬೇಗ, ಕೆಳಗಿನವರೆಗೂ ಓದುತ್ತ ಹೋದಳು.