ಗಿಣಿಯುಂಗುರದ ಬೆಸುಗೆ

ನನ್ನ ಅಂಗೈ ಸುಳ್ಳು ಹೇಳುವುದಿಲ್ಲ ಎಂದು ನಲವತ್ತು ವರ್ಷ ಎದೆ ತಟ್ಟಿಕೊಂಡು ಬದುಕಿದವನು ನಾನು. ಕೆ.ಆರ್.ಪೇಟೆಯಲ್ಲಿ ನನ್ನದು ಅಕ್ಕಸಾಲಿ ಅಂಗಡಿ. ಬೆಂಕಿಯಿಂದ ತೆಗೆದ ಒಡವೆ ಎಷ್ಟು ಆರಿದೆ ಎಂದು ಕೈಯೊಡ್ಡಿಯೇ ಹೇಳುತ್ತೇನೆ. ಅಂಥ ಕೈ ಇರುವವನಿಗೆ ಡಾಕ್ಟರ ಮಾತು ಕಿವಿಗೆ ಹೋಗುವುದು ಕಷ್ಟ.

ಹೆಂಡತಿ ಲಲಿತಮ್ಮನಿಗೆ ಎಂಟು ವರ್ಷದಿಂದ ಕೀಲುವಾತ. ಅವಳ ದೇಹವೇ ಅವಳ ಕೀಲುಗಳ ಮೇಲೆ ತಿರುಗಿ ಬಿದ್ದಿದೆ. ಅದನ್ನು ಅಡಗಿಸುವ ಮಾತ್ರೆಗಳು ನಂಜನ್ನು ತಡೆಯುವ ಶಕ್ತಿಯನ್ನೂ ಕುಗ್ಗಿಸುತ್ತವೆ, ಸಣ್ಣ ಗಾಯವಾಗಿ ಮೈ ಸರಿಯಿಲ್ಲ ಅನ್ನಿಸಿದರೂ ಕರೆತನ್ನಿ, ಜ್ವರ ಕಾಣಿಸಿಕೊಳ್ಳಲಿ ಎಂದು ಕಾಯಬೇಡಿ ಎಂದಿದ್ದರು ಡಾಕ್ಟರು. ನಾನು ತಲೆಯಾಡಿಸಿದ್ದೆ, ಅಷ್ಟೇ.

ಒಂದು ಸೋಮವಾರ ಈಳಿಗೆಮಣೆಯಲ್ಲಿ ಕುಂಬಳಕಾಯಿ ಹೆಚ್ಚುವಾಗ ಅವಳ ಎಡಗೈ ಕುಯ್ದುಕೊಂಡಿತು. ಬೆಸುಗೆಗೆ ಬಳಸುವ ಬಿಳಿಗಾರವೇ ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಗಾಯಕ್ಕೂ ಮದ್ದು. ಅದನ್ನೇ ಉದುರಿಸಿದೆ. ಬುಧವಾರ ಅವಳು, "ಮೈಯೆಲ್ಲಾ ನಡುಗ್ತಾ ಅದೆ ಕಣ್ರೀ" ಅಂದಳು. ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು.

"ಜ್ವರ ಇಲ್ಲ ಕಣೆ, ಸುಮ್ಕೆ ಮಲ್ಕೊ" ಎಂದು ಅಂಗಡಿಗೆ ಹೋದೆ. ಗುರುವಾರ ಬೆಳಿಗ್ಗೆ ಅವಳು ನನ್ನನ್ನೇ ದಿಟ್ಟಿಸಿ ನೋಡಿ, "ಅಪ್ಪಯ್ಯ, ಯಾವಾಗ್ ಬಂದೆ?" ಎಂದು ಕೇಳಿದಳು.

ಮೈಸೂರಿನ ಆಸ್ಪತ್ರೆಗೆ ಹೊರಟ ಆಂಬುಲೆನ್ಸು ಪಾಂಡವಪುರ ದಾಟಿ ಶ್ರೀರಂಗಪಟ್ಟಣದ ಸೇತುವೆಗೆ ಬಂತು. ಮದುವೆಯಾದ ಹೊಸದರಲ್ಲಿ ಇದೇ ದಾರಿಯಲ್ಲಿ ಬಸ್ಸಿನಲ್ಲಿ ಮೈಸೂರಿಗೆ ಹೋಗಿದ್ದೆವು. ನಾಗಮಂಗಲದ ಹುಡುಗಿ, ಹೊಳೆ ಕಂಡರೆ ಕಿಟಕಿಯಿಂದ ಅರ್ಧ ಹೊರಗೆ. ಅವಳ ಬೆರಳಲ್ಲಿ ನಾನು ಒಬ್ಬನೇ ಕೂತು ಮಾಡಿದ ಮೊದಲ ಒಡವೆ, ಗಿಣಿಯುಂಗುರ. "ಬೆಸುಗೆ ಎಲ್ಲದೆ ಹೇಳು, ನೋಡಾನ" ಎಂದು ಕೆಣಕಿದ್ದೆ. ಉಗುರಿನಿಂದ ಕೆದಕಿ ಕೆದಕಿ ಸೋತಿದ್ದಳು. "ನಾನ್ ಸಾಯೋಗಂಟ ಇದ ಬಿಚ್ಚಕ್ಕಿಲ್ಲ, ನೀವ್ ಹೇಳಬ್ಯಾಡಿ, ನಾನೇ ಹುಡ್ಕ್ತೀನಿ" ಅಂದಿದ್ದಳು. ಆಮೇಲೆ ಎಷ್ಟೋ ವರ್ಷ ಊಟವಾದ ಮೇಲೆ ಇದೇ ಆಟ. ಬೆರಳು ಸೊಟ್ಟಗಾದ ಮೇಲೆ ನಿಂತುಹೋಯಿತು. ನಿಂತದ್ದು ಯಾವಾಗ ಎಂದು ಕೂಡ ನಾನು ಗಮನಿಸಿರಲಿಲ್ಲ.

ಆಸ್ಪತ್ರೆಯಲ್ಲಿ ನಂಜು ರಕ್ತಕ್ಕೆ ಏರಿದೆ ಎಂದರು. ಬಿ.ಪಿ. ನಿಲ್ಲುತ್ತಿಲ್ಲ, ಇಂಥ ಮಾತ್ರೆ ತಿನ್ನುವವರ ವಿಷಯದಲ್ಲಿ ಯಾವ ಭರವಸೆಯನ್ನೂ ಕೊಡಲಾರೆವು ಎಂದರು. ಸಂಜೆ ಐಸಿಯು ನರ್ಸ್ ಮೇಘನ ನನ್ನನ್ನು ಒಳಗೆ ಕರೆದಳು. ಪಾಂಡವಪುರದ ಹುಡುಗಿ.

"ಉಂಗ್ರ ತೆಗೀಲೇಬೇಕು ಆಚಾರ್ರೆ. ಕೈ ಊದ್ಕಂಡು ಬೆರಳು ಕಪ್ಪಾಯ್ತಾ ಅದೆ. ಸೋಪು, ಎಣ್ಣೆ ಎಲ್ಲಾ ಹಾಕ್ದೋ, ಗಂಟು ದಾಟ್ತಿಲ್ಲ."

ಉಂಗುರ ಕತ್ತರಿಸುವ ಸಣ್ಣ ಚಕ್ರ ಅವಳ ಕೈಯಲ್ಲಿತ್ತು. ದಪ್ಪ ಚಿನ್ನದ ಮೇಲೆ ಅದು ಜಾರಿ ಜಾರಿ ಚರ್ಮದ ಹತ್ತಿರ ಬರುತ್ತಿತ್ತು. ಸಾಯುವ ತನಕ ಬಿಚ್ಚುವುದಿಲ್ಲ ಅಂದಿದ್ದಳು. ಈಗ ಬಿಚ್ಚಿದರೆ ನಾನೇ ಅವಳನ್ನು ಕಳಿಸಿಕೊಟ್ಟ ಹಾಗಲ್ಲವೇ? ಆದರೆ ಚಕ್ರಕ್ಕೆ ಸುಲಭವಾಗಿ ಬಿಡುವುದು ಬೆಸುಗೆಯ ಜಾಗವೊಂದೇ, ಅದು ಎಲ್ಲಿದೆ ಎಂದು ಲೋಕದಲ್ಲಿ ಗೊತ್ತಿರುವುದು ನನಗೊಬ್ಬನಿಗೇ.

"ಕೊಡವ್ವ ಇಲ್ಲಿ" ಅಂದೆ. ಡಾಕ್ಟರು ಒಪ್ಪಿದರು. ಕೈ ತೊಳೆದು, ಗಿಣಿಯ ಕೊರಳಪಟ್ಟಿಯ ಕೆಳಗೆ ಚಕ್ರವಿಟ್ಟು ತಿರುಗಿಸಿದೆ. ಮೂರು ನಿಮಿಷವೂ ಆಗಲಿಲ್ಲ. ಉಂಗುರ ಬಾಯಿ ಬಿಟ್ಟಿತು. ನಾನು ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ.

ಒಂಬತ್ತನೇ ದಿನ ಅವಳು ಕಣ್ಣು ಬಿಟ್ಟು ನನ್ನನ್ನು ಗುರುತಿಸಿದಳು. ಬೆರಳೂ ಉಳಿಯಿತು. ಎಲ್ಲರಿಗೂ ಹೀಗಾಗುವುದಿಲ್ಲ, ಪಕ್ಕದ ಮಂಚದವರಿಗೆ ಆಗಲಿಲ್ಲ.

ವಾರ್ಡಿಗೆ ತಂದ ಮೇಲೆ ಹೇಳಿಬಿಟ್ಟೆ. "ನನ್ ಕೈ ನಂಬ್ಕೊಂಡು ನಿನ್ನ ಸಾಯಿಸ್ಬುಡ್ತಿದ್ದೆ ಕಣೆ."

ಅವಳು ಉಂಗುರ ಕೇಳಿದಳು. ಸೊಟ್ಟ ಬೆರಳಿನ ಉಗುರನ್ನು ಸೀಳಿನ ಮೇಲೆ ಎಳೆದಳು.

"ಇಲ್ಲಿತ್ತಾ?" ಎಂದು ನಕ್ಕಳು. "ಕಳ್ಳ ನೀವು."

"ಊರಿಗೋದೇಟ್ಗೆ ಬೆಸೆದ್ಬುಡ್ತೀನಿ."

"ಬ್ಯಾಡ ಬುಡಿ, ಇಂಗೇ ಇರ್ಲಿ. ಇನ್ನೊಂದ್ ಸಲ ಬಂದ್ರೆ ಆ ಹುಡ್ಗಿಗೆ ತೆಗೆಯಾಕೆ ಸಲೀಸಾಯ್ತದೆ."

ಬೆಸುಗೆಯಿಲ್ಲದ ಉಂಗುರ ನನ್ನ ಅಂಗಡಿಯಿಂದ ಎಂದೂ ಹೊರಗೆ ಹೋಗಿರಲಿಲ್ಲ. ಮನೆಗೆ ಬಂದ ದಿನ ಅದರ ಎರಡೂ ತುದಿಗಳನ್ನು ಅರದಿಂದ ಉಜ್ಜಿದೆ. ಒಂದು ಗೀರೂ ಅವಳಿಗೆ ಆಗಬಾರದು. ನುಣುಪಾಯಿತೇ ಎಂದು ಅಂಗೈಗೆ ತಾಗಿಸಿ ನೋಡಲಿಲ್ಲ. ಅವಳ ಬೆರಳಿಗೆ ಹಾಕಿ, "ಚುಚ್ತದಾ?" ಎಂದು ಕೇಳಿದೆ.

"ಚೂರು."

ತೆಗೆದು ಮತ್ತೆ ಉಜ್ಜಲು ಕೂತೆ.