ಪೊರ್ಬುಗಳ ಮೊಲ

"ಒಂದು ನಿಮಿಷ ನಿಲ್ಲಿ ಪೊರ್ಬುಗಳೇ. ಕೊಯ್ಯುವ ಮೊದಲು ಒಂದು ಮಾತು ಕೇಳ್ಲಿಕ್ಕುಂಟು."

ಗೂಡಿನೊಳಗೆ ಮೊಣಕೈವರೆಗೆ ಕೈ ಹಾಕಿದ್ದ ಆಸ್ವಾಲ್ಡ್ ತಿರುಗಿ ನೋಡಿದ. ಕುಂಞಾಲಿ ಅಂಗಳದ ನಲ್ಲಿಯ ಪಕ್ಕ ಸಿಮೆಂಟು ಕಟ್ಟೆಯ ಮೇಲೆ ಕೂತಿದ್ದ. ಶುಕ್ರವಾರ ಬೆಳಿಗ್ಗೆ ಇಷ್ಟು ಹೊತ್ತಿಗೆ ಲುಂಗಿ ಎತ್ತಿ ಕಟ್ಟಿ, ಕತ್ತಿ ಮಸೆದು, "ಯಲ್ಲಾ, ತನ್ನಿ ತನ್ನಿ" ಎಂದು ಅವಸರ ಮಾಡುವ ಮನುಷ್ಯ ಇವತ್ತು ಕತ್ತಿಗೆ ಸುತ್ತಿದ ಪೇಪರನ್ನು ಬಿಚ್ಚಿಯೇ ಇರಲಿಲ್ಲ.

"ಕೇಳಿ ಕುಂಞಾಲಿಚ್ಚ, ಬೇಗ ಕೇಳಿ. ದುಬೈಯಿಂದ ಡೆನಿಸನ ಫ್ಯಾಮಿಲಿ ಊಟಕ್ಕೆ ಹೊರಟಾಯ್ತಂತೆ. ಇವತ್ತು ನಾಲ್ಕು ಮೊಲವಾದ್ರೂ ಆಗ್ಬೇಕು."

"ಇದು ಮೊಲವಾ, ಅಲ್ಲವಾ?"

ಆಸ್ವಾಲ್ಡನ ಕೈಗೆ ಸಿಕ್ಕಿದ್ದ ಕಂದು ಬಣ್ಣದ್ದು ಕುಂಯ್ ಎಂದು ಕೂಗಿ ಜಾರಿಕೊಂಡಿತು.

ಅದು ಮೊಲವಲ್ಲ, ಗಿನಿಪಿಗ್. ದುಬೈಯಿಂದ ಒಂದೂವರೆ ಗಂಟೆ ದೂರದ ಅಲ್ ಐನಿನ ಆ ಹಳೆಯ ವಿಲ್ಲಾದಲ್ಲಿ ಹಿಂದಿನ ಎರಡು ಕೋಣೆ ಆಸ್ವಾಲ್ಡನ ಸಂಸಾರಕ್ಕೆ, ಮುಂದಿನ ಒಂದು ಕೋಣೆ ಕುಂಞಾಲಿಗೆ, ಮರಳಿನ ಅಂಗಳ ಇಬ್ಬರಿಗೂ. ಎರಡು ವರ್ಷದ ಕೆಳಗೆ ಮಗಳು ಆಶ್ಲೆಯ ಹಟಕ್ಕೆ ಆಸ್ವಾಲ್ಡ್ ಒಂದು ಜೋಡಿ ತಂದಿದ್ದ. ಜೋಡಿ ಆರಾಯಿತು, ಆರು ಹದಿನೆಂಟಾಯಿತು. ಆಶ್ಲೆಗೆ ಟ್ಯಾಬ್ ಸಿಕ್ಕಿದ ಮೇಲೆ ಅವುಗಳಿಗೆ ಹುಲ್ಲು ಹಾಕುವವರೂ ಇಲ್ಲವಾದರು. ಆಸ್ವಾಲ್ಡನದ್ದು ಶಿರ್ವದ ಹುಟ್ಟು; ಆ ಕಡೆ ಕ್ರೈಸ್ತರನ್ನು ಪೊರ್ಬುಗಳು ಎನ್ನುತ್ತಾರೆ. ಅವನಪ್ಪ ಹಿತ್ತಲಲ್ಲಿ ಹಂದಿ ಸಾಕಿ ಹಬ್ಬಕ್ಕೆ ಕೊಯ್ಯಿಸುತ್ತಿದ್ದವರು. ಮನೆಯಲ್ಲಿ ತಿಂದು ಬೆಳೆಯುವ ಪ್ರಾಣಿಯನ್ನು ಸುಮ್ಮನೆ ನೋಡಿಕೊಂಡಿರುವುದು ಅಂಥವರ ಮಗನಿಗೆ ಆಗುವ ಕೆಲಸವೇ? ಒಂದು ದಿನ ಯೂಟ್ಯೂಬಿನಲ್ಲಿ ಪೆರು ದೇಶದ ಹೆಂಗಸೊಬ್ಬಳು ಅಡುಗೆಮನೆಯಲ್ಲೇ ಇವನ್ನು ಸಾಕಿ, ಸುಲಿದು, ಹುರಿದು ಇಡುವುದನ್ನು ನೋಡಿದ. ಫ್ರೀಜರ್ ಕೋಳಿಯ ರುಚಿಗೆ ನಾಲಿಗೆ ಸತ್ತುಹೋಗಿದ್ದವನ ಬಾಯಲ್ಲಿ ನೀರೂರಿತು.

ತೊಂದರೆ ಒಂದೇ. ಆಸ್ಪತ್ರೆಯ ಅಡುಗೆಮನೆಯಲ್ಲಿ ದಿನಕ್ಕೆ ಇನ್ನೂರು ಕೋಳಿ ತುಂಡು ಮಾಡುವ ಈ ಅಡುಗೆಯವನಿಗೆ, ಜೀವ ಇರುವ ಒಂದರ ಕುತ್ತಿಗೆಗೆ ಕತ್ತಿ ಇಡುವ ಧೈರ್ಯವಿರಲಿಲ್ಲ. ಮೊದಲ ಸಲ ಪ್ರಯತ್ನಿಸಿದಾಗ ಕತ್ತಿ ಜಾರಿ, ಪ್ರಾಣಿ ಅರೆಜೀವವಾಗಿ ಓಡಿ, ಕೊನೆಗೆ ಕುಂಞಾಲಿಯೇ ಬಂದು ದೇವರ ಹೆಸರೆತ್ತಿ ಬಿಸ್ಮಿ ಹೇಳಿ ಒಂದೇ ಏಟಿಗೆ ಮುಗಿಸಿಕೊಟ್ಟಿದ್ದ. ಕತ್ತಿ ತೊಳೆಯುತ್ತಾ, "ಇದೆಂತ ಜಾತಿ ಮಾರಾಯ್ರೆ? ಕಿವಿಯೇ ಇಲ್ಲ!" ಎಂದು ಕೇಳಿದ್ದ.

"ಮೊಲವೇ ಇಚ್ಚ. ಫಾರಿನ್ ಮೊಲ."

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಿದ್ದ, ಅಷ್ಟೇ. ಇಲಿ ಅವರ ಧರ್ಮದಲ್ಲಿ ಹರಾಮು, ನಿಷಿದ್ಧ; ಅದರ ಹತ್ತಿರದ್ದು ಎಂದರೆ ಕುಂಞಾಲಿ ಮುಟ್ಟಲಿಕ್ಕಿಲ್ಲ, ಮುಟ್ಟದಿದ್ದರೆ ಕೊಯ್ಯುವವರು ಯಾರು? ಕೊಯ್ದವನಿಗೆ ಪಾಲು ಕೊಡದೆ ಇರುವುದು ಹೇಗೆ? ಅಂದಿನಿಂದ ಶುಕ್ರವಾರ ಶುಕ್ರವಾರ ಅರ್ಧ ಸಾರು ಮುಂದಿನ ಕೋಣೆಗೆ. ಹೆಂಡತಿ ಸುಸನ್ ಎಷ್ಟು ಸಲ ಹೇಳಿದ್ದಳೋ. "ಅವರ ಧರ್ಮ ಅವರಿಗೆ ದೊಡ್ಡದು. ಹೇಳಿಬಿಡಿ. ಆಮೇಲೆ ಗೊತ್ತಾದ್ರೆ ಮುಖ ಎಲ್ಲಿ ಇಡ್ತೀರಿ?" ಹೇಳುತ್ತೇನೆ, ಬರುವ ವಾರ ಹೇಳುತ್ತೇನೆ ಎನ್ನುತ್ತಾ ವರ್ಷ ದಾಟಿತು.

ಅಷ್ಟರಲ್ಲಿ ಕುಂಞಾಲಿಯ ಅಪ್ಪ, ಅವನ ಬಾಯಲ್ಲಿ ಉಪ್ಪ, ಕುಂಬಳೆಯಿಂದ ವಿಸಿಟ್ ವೀಸಾದಲ್ಲಿ ಬಂದರು. ನಲವತ್ತು ವರ್ಷ ಊರಿನ ಮಸೀದಿಯ ಸೇವೆ ಮಾಡಿದ ಮುಕ್ರಿ. ಕಂಡುಕೇಳರಿಯದ ಮನೆಯಲ್ಲಿ ಒಂದು ಲೋಟ ಚಹಾ ಕುಡಿದವರಲ್ಲ. ಜ್ವರ ಹಿಡಿದು, ಏನು ಕೊಟ್ಟರೂ ಒಳಗೆ ಹೋಗದೆ ಮಲಗಿದ್ದಾಗ ಆಸ್ವಾಲ್ಡ್ ಮೆಣಸು ಹಾಕಿ ಸೂಪು ಮಾಡಿ ತಂದಿದ್ದ. ಮುದುಕ ಚಮಚ ಎತ್ತುವ ಮೊದಲು ಅವನ ಮುಖ ನೋಡಿ, "ಎಂತ ಮಾಂಸ ಮೋನೇ?" ಎಂದು ಮಗನನ್ನು ಕೇಳುವಂತೆ ಕೇಳಿದ್ದರು. "ಮೊಲ" ಎಂದಿದ್ದ ಆಸ್ವಾಲ್ಡ್. ಮುದುಕ ಬಟ್ಟಲು ಖಾಲಿ ಮಾಡಿ ಅವನ ತಲೆಯ ಮೇಲೆ ಕೈಯಿಟ್ಟಿದ್ದರು. ಅವರು ಊರಿಗೆ ಮರಳುವವರೆಗೆ, ಮೂರು ತಿಂಗಳು ಆ ಸೂಪು ತಪ್ಪಲಿಲ್ಲ.

"ಯಾಕೆ ಈಗ ಈ ಪ್ರಶ್ನೆ?" ಆಸ್ವಾಲ್ಡ್ ಗೂಡಿನ ಬಾಗಿಲು ಹಾಕಿದ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಂಡವನಂತೆ ಸ್ವರ ಸ್ವಲ್ಪ ಜೋರಾಗಿಯೇ ಬಂತು. "ಯಾರು ಎಂತ ಹೇಳಿದ್ರು?"

"ನಿಮ್ಮ ಆಶ್ಲೆ. ನಿನ್ನೆ ಬಸ್ಸಿನಲ್ಲಿ." ಕುಂಞಾಲಿ ಓಡಿಸುವ ಸ್ಕೂಲ್ ಬಸ್ಸಿನಲ್ಲೇ ಅವಳು ಹೋಗಿಬರುವುದು. ಡ್ರೈವರ್ ಸೀಟಿನ ಹಿಂದೆಯೇ ಅವಳ ಜಾಗ. "ಕ್ಲಾಸಿನಲ್ಲಿ ಇವುಗಳ ಮೇಲೆ ಪ್ರಾಜೆಕ್ಟ್ ಮಾಡಿದಳಂತೆ. ಹೇಗುಂಟು ನಿಮ್ಮ ಮೊಲ ಅಂತ ಕೇಳಿದೆ. 'ಅಂಕಲ್, ದೇ ಆರ್ ನಾಟ್ ರ‍್ಯಾಬಿಟ್ಸ್, ದೇ ಆರ್ ರೋಡೆಂಟ್ಸ್, ಲೈಕ್ ರ‍್ಯಾಟ್ಸ್' ಅಂದಳು. ನಗಾಡಿಕೊಂಡೇ ಹೇಳಿದ್ದು ಪಾಪ."

"ಮಕ್ಕಳ ಮಾತು ಇಚ್ಚ."

"ಮಕ್ಕಳ ಮಾತು ಬಿಡಿ. ಟೀಚರಿನದ್ದೂ ಬೇಡ, ಮೊಬೈಲಿನದ್ದೂ ಬೇಡ. ನಾನು ಮೊಬೈಲಿನಲ್ಲಿ ನೋಡಿಲ್ಲ, ಬೇಕಂತಲೇ ನೋಡಿಲ್ಲ." ಕುಂಞಾಲಿ ಎದ್ದು ನಿಂತ. "ನಿಮ್ಮ ಬಾಯಿಂದ ಬರಲಿ. ಆರು ವರ್ಷದಿಂದ ಒಂದು ಅಂಗಳದಲ್ಲಿ ಇದ್ದೇವೆ. ಮೊಲ ಅಂತ ನೀವು ಈಗ ಹೇಳಿದ್ರೆ ಖಲಾಸ್, ಈ ನಿಮಿಷವೇ ಕೊಯ್ದು ಕೊಡ್ತೇನೆ. ಮತ್ತೆ ಯಾವತ್ತೂ ಕೇಳೂದಿಲ್ಲ."

ಎಷ್ಟು ಸುಲಭ! ಎರಡಕ್ಷರ. ಕಳೆದ ವರ್ಷವಿಡೀ ಹೇಳಿದ ಎರಡಕ್ಷರವನ್ನೇ ಇನ್ನೊಂದು ಸಲ ಹೇಳಿದರೆ ಮುಗಿಯಿತು. ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಸುಸನ್ ಮಸಾಲೆ ಅರೆದು ಕಾಯುತ್ತಿದ್ದಳು. ಎದುರಿಗೆ ಕುಂಞಾಲಿ ಪೇಪರು ಸುತ್ತಿದ ಕತ್ತಿಯನ್ನು ಎದೆಗೆ ಒತ್ತಿ ಹಿಡಿದು, ಹೇಳಿಬಿಡಿ ಎಂದು ಕಣ್ಣಲ್ಲೇ ಬೇಡುತ್ತಿದ್ದ. ಅವನಿಗೆ ಬೇಕಾದದ್ದೂ ಅದೇ ಎರಡಕ್ಷರವೆಂದು ಆಸ್ವಾಲ್ಡನಿಗೆ ಗೊತ್ತಾಯಿತು. ಗೊತ್ತಾದದ್ದರಿಂದಲೇ ನಾಲಿಗೆ ಹೊರಳಲಿಲ್ಲ.

"ಅಲ್ಲ," ಎಂದ.

"ಅಲ್ಲವಾ?"

"ಮೊಲ ಅಲ್ಲ. ಆಶ್ಲೆ ಹೇಳಿದ್ದು ಸರಿ."

"ನಿಮಗೆ ಯಾವಾಗ ಗೊತ್ತಾದದ್ದು?"

ಇಲ್ಲಿಯೂ ಒಂದು ಸಣ್ಣ ದಾರಿಯಿತ್ತು. ನನಗೂ ನಿನ್ನೆಯೇ ಗೊತ್ತಾದದ್ದು ಎನ್ನಬಹುದಿತ್ತು. "ಮೊದಲಿಂದ ಗೊತ್ತಿತ್ತು," ಎಂದ ಆಸ್ವಾಲ್ಡ್. "ತಪ್ಪಾಯ್ತು ಇಚ್ಚ. ಬೈಯಿರಿ, ಎರಡು ಹೊಡೀರಿ ಬೇಕಾದ್ರೆ. ನನ್ನಿಂದ ದೊಡ್ಡ ತಪ್ಪಾಯ್ತು."

ಕುಂಞಾಲಿ ಬೈಯಲಿಲ್ಲ. ಮತ್ತೆ ಕಟ್ಟೆಯ ಮೇಲೆ ಕೂತ. ಗೂಡಿನೊಳಗೆ ಹುಲ್ಲು ತಿನ್ನುತ್ತಿದ್ದವುಗಳನ್ನು ನೋಡಿದ.

"ನನ್ನದು ಬಿಡಿ," ಎಂದ. "ಗೊತ್ತಿಲ್ಲದೆ ತಿಂದದ್ದು, ಮೇಲಿರುವವನು ಮಾಫ್ ಮಾಡಿಯಾನು. ಆದ್ರೆ ಉಪ್ಪ ಕೇಳಿದ್ರಲ್ಲ ಪೊರ್ಬುಗಳೇ. ಚಮಚ ಕೈಯಲ್ಲಿ ಹಿಡಿದು ನಿಮ್ಮ ಹತ್ರ ಕೇಳಿದ್ರು. ನಾನು ಅಲ್ಲೇ ಇದ್ದೆ."

ಆಸ್ವಾಲ್ಡನಿಗೆ ನಿಂತ ನೆಲ ಕುಸಿದರೆ ಸಾಕೆನಿಸಿತು. "ನಾನೇ ಅವರ ಹತ್ರ ಹೇಳ್ತೇನೆ. ಕಾಲು ಹಿಡಿದು ಹೇಳ್ತೇನೆ."

ಆಗಲೇ ಕುಂಞಾಲಿಯ ಜೇಬಿನಲ್ಲಿ ಫೋನು ಒಂದು ಸಲ ಹೊಡೆದು ನಿಂತಿತು. ಕುಂಬಳೆಯಿಂದ ಮಿಸ್ ಕಾಲ್. ಶುಕ್ರವಾರದ ಜುಮಾ ನಮಾಜಿಗೆ ಹೋಗುವ ಮೊದಲು ಮಗನ ಸ್ವರ ಕೇಳಲೇಬೇಕು ಮುದುಕನಿಗೆ. ಕುಂಞಾಲಿ ತಿರುಗಿ ಫೋನು ಮಾಡಿದ. ಬಸ್ಸಿನ ಇಂಜಿನ್ನಿನ ಪಕ್ಕ ಕೂತು ಕೂತು ಅವನ ಕಿವಿ ಮಂದ. ಯಾವತ್ತಿನಂತೆ ಸ್ಪೀಕರ್ ಒತ್ತಿ ಅಂಗೈಯಲ್ಲಿ ಹಿಡಿದುಕೊಂಡ. ಅವರ ಮನೆಮಾತು ಆರು ವರ್ಷದಲ್ಲಿ ಆಸ್ವಾಲ್ಡನಿಗೂ ಅರ್ಥವಾಗುವಷ್ಟಾಗಿತ್ತು.

ಸಲಾಂ ಆಯಿತು, ಮಂಡಿನೋವಾಯಿತು. "ಪೊರ್ಬು ಉಂಟಾ ಅಲ್ಲಿ?" ಎಂದರು ಮುದುಕ.

"ಇಲ್ಲೇ ಉಂಟು ಉಪ್ಪ."

"ಅವನಿಗೆ ಸಲಾಂ ಹೇಳು. ಪ್ರತಿ ನಮಾಜಿನಲ್ಲಿ ಅವನ ಮಗುವಿಗೆ ದುವಾ ಮಾಡ್ತೇನೆ ಅಂತ ಹೇಳು. ಇಲ್ಲಿ ಎಲ್ಲರ ಹತ್ರ ಹೇಳಿಯಾಗಿದೆ, ನನ್ನ ಜೀವ ಉಳಿಸಿದ್ದು ಆ ಮೊಲದ ಸೂಪು ಅಂತ. ಹೇಗುಂಟು ಮೊಲಗಳು?"

ಆಸ್ವಾಲ್ಡ್ ಒಂದು ಹೆಜ್ಜೆ ಮುಂದಿಟ್ಟು ಬಾಯಿ ತೆರೆದ. ಕುಂಞಾಲಿ ಎಡಗೈ ಎತ್ತಿ ಅವನನ್ನು ತಡೆದ.

"ಚೆನ್ನಾಗುಂಟು ಉಪ್ಪ," ಎಂದ. ಫೋನನ್ನು ಬಾಯಿಯ ಹತ್ತಿರ ತಂದ. "ಮೊಲಗಳು ಚೆನ್ನಾಗುಂಟು."

"ಕೊಯ್ಯುವಾಗ ಬಿಸ್ಮಿ ಮರೀಬೇಡ ಮೋನೇ."

"ಇಲ್ಲ ಉಪ್ಪ. ಮರೆಯೂದಿಲ್ಲ."

ಫೋನು ಇಟ್ಟ ಮೇಲೆ ಅವನು ಆಸ್ವಾಲ್ಡನ ಕಡೆ ನೋಡಲಿಲ್ಲ. "ಎಪ್ಪತ್ತೆಂಟು ವರ್ಷ ಅವರಿಗೆ. ಈಗ ಹೇಳಿ ಎಂತ ಮಾಡೂದು," ಎಂದು ತನ್ನಷ್ಟಕ್ಕೇ ಅಂದುಕೊಂಡ. ಕತ್ತಿಯನ್ನು ಕಟ್ಟೆಯ ಮೇಲಿಟ್ಟು, ಅಂಗಿಯ ತೋಳು ಮಡಚಿ, ನಲ್ಲಿ ತಿರುಗಿಸಿದ. ನಮಾಜಿಗೆ ಮುಂಚೆ ಅವನು ಅಲ್ಲೇ ಕೈ, ಬಾಯಿ, ಮುಖ ತೊಳೆಯುವುದು.

ಬಾಯಿ ಮುಕ್ಕಳಿಸುವುದು ಮೂರು ಸಲ. ಆರು ವರ್ಷದಿಂದ ನೋಡಿದ ಆಸ್ವಾಲ್ಡನಿಗೆ ಅದು ಗೊತ್ತಿತ್ತು. ಕುಂಞಾಲಿ ಮೂರು ಸಲ ಮುಕ್ಕಳಿಸಿ ಉಗಿದ. ಆಮೇಲೆ ಮತ್ತೊಮ್ಮೆ ಬೊಗಸೆ ಒಡ್ಡಿದ. ಮತ್ತೊಮ್ಮೆ. ಒಳಗಿನಿಂದ ಸುಸನ್, "ಆಯ್ತಾ? ಒಲೆ ಹಚ್ಚಲಾ?" ಎಂದು ಕೂಗಿದಳು. ಕುಂಞಾಲಿ ಬಗ್ಗಿದವನು ತಲೆಯೆತ್ತದೆ ಬಾಯಿ ತುಂಬಾ ನೀರು ತೆಗೆದುಕೊಂಡು ಮುಕ್ಕಳಿಸುತ್ತಿದ್ದ, ಉಗಿಯುತ್ತಿದ್ದ, ಮತ್ತೆ ತೆಗೆದುಕೊಳ್ಳುತ್ತಿದ್ದ.